ಬಸ್ಸಿನಲ್ಲಿ ಗಂಡನ ಹೆಸರು ಹೇಳಿಸುವ ನೀಲಕ್ಕ

ಬೆಳಗಿನ ಐದೂಕಾಲು. ದಾವಣಗೆರೆಯ ಹೈಸ್ಕೂಲ್ ಮೈದಾನದ ಬದಿಗೆ ನಿಂತಿರುವ ಬಸ್ಸಿನೊಳಗೆ ನೀಲಕ್ಕ ಸೀಟು ಒರೆಸುತ್ತಿದ್ದಾರೆ. ‘ನಿನ್ನೆ ಸಂಜಿನೇ ತೊಳ್ದೀನಲ್ಲ ಅಕ್ಕಾ’ ಎಂದು ಚಾಲಕ ಶಬ್ಬೀರ್ ಗೊಣಗುತ್ತಾನೆ. ನೀಲಕ್ಕ ಕಿವಿಗೇ ಹಾಕಿಕೊಳ್ಳುವುದಿಲ್ಲ. ನಲವತ್ನಾಲ್ಕು ಸೀಟು ಮುಗಿಸಿ, ಬಕೆಟ್ಟು ಹಿಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ಹೆಂಗಸರು ಒಬ್ಬೊಬ್ಬರಾಗಿ ಹತ್ತುತ್ತಾರೆ. ವಿದ್ಯಾನಗರದ ಉಪನ್ಯಾಸಕಿಯ ಪಕ್ಕ ಮಂಡಕ್ಕಿ ಭಟ್ಟಿಯ ಕೆಲಸದಾಕೆ, ಬಟ್ಟೆ ಅಂಗಡಿಯ ಒಡತಿಯ ಪಕ್ಕ ಕರೂರು ಕೈಗಾರಿಕಾ ಪ್ರದೇಶದಲ್ಲಿ ಡಬ್ಬಿ ಕಟ್ಟುವಾಕೆ. ಯಾರ ಪಕ್ಕ ಯಾರು ಎಂದು ನೀಲಕ್ಕನೇ ಕೂರಿಸುತ್ತಾರೆ.

ಎಲ್ಲರೂ ಕೂತ ಮೇಲೆ ಅವರು ನಡುವೆ ನಿಂತು ಗಟ್ಟಿ ದನಿಯಲ್ಲಿ ಹೇಳುತ್ತಾರೆ: ‘ನನ್ ಗಂಡನ ಹೆಸ್ರು ಗಿಡ್ಡಪ್ಪ. ಇಗಾ, ಹೇಳ್ದೆ. ಏನಾತು? ನಮ್ಮೂರು ಬಾತಿಗೆ ಹೋಗಿ ನೋಡ್ರಿ, ಇನ್ನೂ ಗೊರಕೆ ಹೊಡ್ಕಂತ ಮಲ್ಗ್ಯಾನೆ. ಈಗ ನೀವು ಹೇಳ್ರಿ.’

ಬಸ್ಸು ಗೊಳ್ಳೆಂದು ನಗುತ್ತದೆ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸರು ಈ ಭಾಗದಲ್ಲಿ ಇನ್ನೂ ಇದ್ದಾರೆ. ‘ನಮ್ಮನ್ಯಾಗಿನವ್ರು’, ‘ಹುಡ್ರಪ್ಪ’ ಎನ್ನುತ್ತಲೇ ನಲವತ್ತು ವರ್ಷ ಸಂಸಾರ ಮಾಡಿದವರು ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕದವಳ ಕಿವಿಯಲ್ಲಿ ಉಸುರುತ್ತಾರೆ. ಪಕ್ಕದವಳು ಆಸ್ಪತ್ರೆಯ ಫಾರಂನಲ್ಲಿ ಬರೆಯುತ್ತಾಳೆ. ಪತ್ರಿಕೆಗಾಗಿ ಈ ಬಸ್ಸು ನೋಡಲು ಬಂದಿದ್ದ ನಾನು ಇದನ್ನು ತಮಾಷೆ ಎಂದೇ ತಿಳಿದಿದ್ದೆ. ನಗುವವರ ನಡುವೆ ನೀಲಕ್ಕ ಮಾತ್ರ ನಗುತ್ತಿಲ್ಲ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಕಂಡಿತು.

ತಿಂಗಳ ಎರಡನೇ ಭಾನುವಾರ ಹೊರಡುವ ಈ ಪ್ರವಾಸಕ್ಕೆ ಜನ ಇಟ್ಟ ಹೆಸರು ‘ಜೋಡಿ ಸೀಟಿನ ಬಸ್ಸು’. ಊರಿನ ಅನುಕೂಲಸ್ಥ ಹೆಂಗಸರು ತಮ್ಮದೊಂದು ಸೀಟು, ಗುರುತಿಲ್ಲದ ಇನ್ನೊಬ್ಬಾಕೆಯದೊಂದು ಸೀಟು ಎಂದು ಎರಡಕ್ಕೂ ಹಣ ಕೊಡುತ್ತಾರೆ. ಜೊತೆಗೆ ನೆಂಟರಿಷ್ಟರಿಂದ ಒಂದಿಷ್ಟು ಎತ್ತಿ ತರುತ್ತಾರೆ. ಆ ಹಣದಲ್ಲಿ ಎರಡನೇ ಸೀಟಿನವಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ, ಬೇಕಾದರೆ ಮುಂದಿನ ಚಿಕಿತ್ಸೆ. ಹರಿಹರದಲ್ಲಿ ಸಣ್ಣ ಹೆರಿಗೆ ಆಸ್ಪತ್ರೆ ನಡೆಸುವ ಡಾ. ಅಖ್ತರ್ ಬಾನು ಹನ್ನೊಂದು ವರ್ಷದ ಹಿಂದೆ ಶುರು ಮಾಡಿದ್ದು. ‘ಆಸ್ಪತ್ರೆಗೆ ಬನ್ನಿ ಅಂದರೆ ಯಾರೂ ಬರುತ್ತಿರಲಿಲ್ಲ. ದೇವಸ್ಥಾನ ನೋಡೋಕೆ ಅಂದರೆ ಮನೆಯವರೇ ಕಳಿಸಿಕೊಡುತ್ತಾರೆ’ ಎನ್ನುತ್ತಾರೆ ಅವರು. ಇತಿಹಾಸ ಪಾಠ ಮಾಡುವ ಸ್ವಾತಿ ಎಂಬವರು ಗುಡಿ, ಶಾಸನ, ಪುಷ್ಕರಣಿಗಳ ಕಥೆ ಹೇಳಲು ಜೊತೆಗೆ ಬರುತ್ತಾರೆ. ಪತ್ರಿಕೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಇವರಿಬ್ಬರ ಹೆಸರು ಬಂದಿದೆ. ನೀಲಕ್ಕನ ಹೆಸರು ಎಲ್ಲೂ ಬಂದಿಲ್ಲ.

ಐವತ್ತೆಂಟರ ನೀಲಕ್ಕ ಆ ಆಸ್ಪತ್ರೆಯ ಆಯಾ. ಗಂಡ ಗಿಡ್ಡಪ್ಪ ದುಡಿಯುತ್ತಿದ್ದ ಹತ್ತಿ ಗಿರಣಿ ಮುಚ್ಚಿದ ವರ್ಷ ಕೆಲಸಕ್ಕೆ ಸೇರಿದವರು. ಗಿಡ್ಡಪ್ಪ ಈಗ ಕರೂರಿನ ಒಂದು ಕಾರ್ಖಾನೆಯಲ್ಲಿ ಕಾವಲುಗಾರ. ನೀಲಕ್ಕ ದಿನಾ ನಾಲ್ಕಕ್ಕೆ ಎದ್ದು, ರೊಟ್ಟಿ ಬಡಿದಿಟ್ಟು, ಆರೂವರೆಯ ಬಸ್ಸಿಗೆ ಬಾತಿಯಿಂದ ಹರಿಹರಕ್ಕೆ ಹೋಗುತ್ತಾರೆ. ಹನ್ನೆರಡು ಹಾಸಿಗೆ, ಎರಡು ಸಲ ನೆಲ, ಮೂರು ಸಲ ಉಪಕರಣ ಕುದಿಸುವುದು, ಬಾಣಂತಿಯರ ಬಟ್ಟೆ. ಐದನೇ ತರಗತಿವರೆಗೆ ಓದಿದ್ದಾರೆ. ಅಕ್ಷರಗಳು ದುಂಡಗಿವೆ. ತಿಂಗಳಿಗೆ ಸಿಗುವ ರಜೆಯ ಒಂದು ಭಾನುವಾರ ಈ ಬಸ್ಸಿಗೆ ಹೋಗುತ್ತದೆ.

ಪ್ರವಾಸದ ದಾರಿ ಹಾಕಿದ್ದೂ ಅವರೇ. ಮೊದಲ ಸಲ ಆಸ್ಪತ್ರೆ ಮೊದಲು, ಗುಡಿ ಆಮೇಲೆ ಎಂದು ದೊಡ್ಡವರು ಗೊತ್ತು ಮಾಡಿದ್ದರಂತೆ. ಪರೀಕ್ಷೆ ಮಾಡಿಸಿಕೊಂಡ ಹೆಂಗಸರು ಸ್ನಾನ ಮಾಡದೆ ಗುಡಿಯ ಹೊಸ್ತಿಲು ದಾಟಲ್ಲ ಎಂದು ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅರ್ಧ ಬಸ್ಸು ದೇವರನ್ನೇ ನೋಡದೆ ವಾಪಸ್ಸಾಯಿತು. ‘ಅವತ್ತು ಡಾಕ್ಟ್ರಿಗೆ ಹೇಳ್ದೆ, ದೇವ್ರು ಮೊದ್ಲು ಇಡ್ರಿ ಮೇಡಮ್ಮರೇ ಅಂತ. ಮುಟ್ಟಾದಾಕಿ ಗುಡಿಗೆ ಬರಲ್ಲ, ಆಕಿಗೆ ಟೆಸ್ಟೂ ಮಾಡಂಗಿಲ್ಲ. ನಾವು ಕೇಳೋದೇ ಬ್ಯಾಡ, ಬಸ್ಸು ಹತ್ತೋ ಮುಂಚೇನೆ ಜರಡಿ ಹಿಡ್ದಂಗೆ ಆಗ್ತೈತೆ.’ ಈಗ ಕ್ರಮ ಹೀಗಿದೆ: ಮೊದಲು ಹರಿಹರೇಶ್ವರ, ಆಮೇಲೆ ಆಸ್ಪತ್ರೆ, ಉಪ್ಪಿಟ್ಟು, ಮಧ್ಯಾಹ್ನ ಸಂತೇಬೆನ್ನೂರಿನ ಪುಷ್ಕರಣಿ.

ಈವರೆಗೆ ಸಾವಿರದ ನಾನೂರಕ್ಕೂ ಹೆಚ್ಚು ಹೆಂಗಸರ ಪರೀಕ್ಷೆಯಾಗಿದೆ. ನಲವತ್ಮೂರು ಜನರಲ್ಲಿ ರೋಗ ಮೊದಲ ಹಂತದಲ್ಲೇ ಸಿಕ್ಕಿ ಗುಣವಾಗಿದೆ. ಈ ಲೆಕ್ಕ ಹೇಳಿದರೆ ನೀಲಕ್ಕ ಮುಖ ಬೇರೆ ಕಡೆ ತಿರುಗಿಸುತ್ತಾರೆ. ‘ಗುಣ ಆದವ್ರ ಹೆಸ್ರು ನನಗೆ ಒಂದೂ ನೆನಪಿಲ್ಲ. ಒಂದೇ ಹೆಸ್ರು ನೆನಪೈತೆ’ ಎನ್ನುತ್ತಾರೆ.

ಆ ಹೆಸರು ಮರುಳಸಿದ್ದಮ್ಮ.

ಆರು ವರ್ಷದ ಹಿಂದಿನ ಮಾತು. ಹರಿಹರ ತಾಲ್ಲೂಕಿನ ಸಾರಥಿ ಗ್ರಾಮದಿಂದ ಒಂದೇ ಬಸ್ಸಿಗೆ ಇಬ್ಬರು ಮರುಳಸಿದ್ದಮ್ಮ ಬಂದಿದ್ದರು. ಇಬ್ಬರಿಗೂ ಐವತ್ತರ ಹತ್ತಿರ. ಫಾರಂ ತುಂಬುವಾಗ ಗಂಡನ ಹೆಸರು ಕೇಳಿದ್ದಕ್ಕೆ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು, ಹೇಳಲಿಲ್ಲ. ನೀಲಕ್ಕ ಒತ್ತಾಯ ಮಾಡಲಿಲ್ಲ. ‘ಯಾಕಂದ್ರೆ ನಾನೂ ಅವಾಗ ಹೇಳ್ತಿದ್ದಿಲ್ಲ. ಹೆಂಗೆ ಕೇಳ್ಲಿ? ಒಬ್ಬಾಕಿ ಹಸ್ರು ಸೀರೆ, ಇನ್ನೊಬ್ಬಾಕಿ ಕಂದು ಸೀರೆ, ನನಗೆ ಗುರ್ತು ಇರ್ತೈತೆ ಅಂದ್ಕಂಡೆ. ಆ ಜಾಗ ಖಾಲಿ ಬಿಟ್ಟೆ.’

ವರದಿ ಬರಲು ಮೂರು ವಾರ ಬೇಕು. ಅದನ್ನು ಮನೆಮನೆಗೆ ಮುಟ್ಟಿಸುವುದು ನೀಲಕ್ಕನ ಕೆಲಸ. ಅಂಚೆಗೆ ಹಾಕಿದರೆ ಯಾರ ಕೈಗೋ ಸಿಗುತ್ತದೆ, ಫೋನ್ ಮಾಡಿದರೆ ಫೋನು ಗಂಡನ ಜೇಬಿನಲ್ಲಿರುತ್ತದೆ. ಹಾಗಾಗಿ ಸಂಜೆ ಕೆಲಸ ಬಿಟ್ಟ ಮೇಲೆ ಅವರು ಹಳ್ಳಿ ಹಳ್ಳಿ ತಿರುಗಿ, ಒಳಮನೆಗೆ ಕರೆದು, ಕಿವಿಯಲ್ಲಿ ಹೇಳಿ ಬರುತ್ತಾರೆ. ಅವತ್ತು ಸಾರಥಿಯಲ್ಲಿ ಇಬ್ಬರೂ ಮನೆಯ ಸೀರೆಯಲ್ಲಿದ್ದರು. ಎರಡು ಕಾಗದ, ಎರಡರ ಮೇಲೂ ಒಂದೇ ಹೆಸರು, ಒಂದೇ ಊರು. ನೀಲಕ್ಕ ಅದಲುಬದಲು ಕೊಟ್ಟರು.

‘ಮತ್ತೆ ಬರಬೇಕು’ ಎಂಬ ಕಾಗದ ಸಿಕ್ಕಾಕೆ ಹೆದರಿ ಮರುವಾರವೇ ಬಂದರು. ಮರುಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಹೀಗಾಗುವುದು ಉಂಟು ಎಂದು ಡಾಕ್ಟರೂ ಸಮಾಧಾನಪಟ್ಟರು. ಆಕೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದರು. ‘ಏನೂ ತೊಂದ್ರಿ ಇಲ್ಲ’ ಎಂಬ ಕಾಗದವನ್ನು ದೇವರ ಗೂಡಿನಲ್ಲಿಟ್ಟ ಇನ್ನೊಬ್ಬ ಮರುಳಸಿದ್ದಮ್ಮ ಹದಿನಾಲ್ಕು ತಿಂಗಳು ಕಳೆದು, ರಕ್ತ ನಿಲ್ಲದೆ, ಎತ್ತಿನ ಗಾಡಿಯಂತೆ ಕುಲುಕುವ ಆಟೊದಲ್ಲಿ ಆಸ್ಪತ್ರೆಗೆ ಬಂದರು. ಆಗ ಇಬ್ಬರ ಹಳೆಯ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಅದಲುಬದಲಾದದ್ದು ಗೊತ್ತಾಯಿತು. ಕಾಲ ಮಿಂಚಿತ್ತು. ಮರುವರ್ಷ ತೀರಿಕೊಂಡರು.

ಡಾ. ಅಖ್ತರ್ ಬಾನು ತಪ್ಪನ್ನು ನೀಲಕ್ಕನ ತಲೆಗೆ ಕಟ್ಟುವುದಿಲ್ಲ. ‘ಖಾಲಿ ಜಾಗ ನಾನೂ ನೋಡಬೇಕಿತ್ತು. ಸಹಿ ನನ್ನದು’ ಎನ್ನುತ್ತಾರೆ. ಆ ಮನೆಗೆ ತಾವೇ ಹೋಗುತ್ತೇನೆಂದು ಹೊರಟಿದ್ದರು. ನೀಲಕ್ಕ ಅವರಿಗಿಂತ ಮೊದಲೇ, ಯಾರಿಗೂ ಹೇಳದೆ, ಒಬ್ಬರೇ ಸಾರಥಿಗೆ ಹೋಗಿ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಮರುಳಸಿದ್ದಮ್ಮನ ಗಂಡ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಸೊಸೆ ರೂಪಶ್ರೀ ಎದ್ದು ಬಂದು ಬಾಗಿಲು ಹಾಕಿಕೊಂಡಳು. ‘ಬೈದಿದ್ರೆ ಚಲೋ ಇತ್ತು’ ಎನ್ನುತ್ತಾರೆ ನೀಲಕ್ಕ. ಅವತ್ತಿನಿಂದ ಆ ಓಣಿಯ ಒಬ್ಬ ಹೆಂಗಸೂ ಜೋಡಿ ಸೀಟಿನ ಬಸ್ಸು ಹತ್ತಿಲ್ಲ. ಸುಮಾರು ಅರವತ್ತು ಮನೆಗಳಿವೆ. ಅಲ್ಲಿ ಯಾರಿಗೆ ಏನಾಗುತ್ತಿದೆಯೋ ಎಂಬ ಅಂಜಿಕೆ ನೀಲಕ್ಕನನ್ನು ಬಿಟ್ಟಿಲ್ಲ.

ಮುಂದಿನ ಪ್ರವಾಸದಲ್ಲೇ ಅವರು ಬಸ್ಸಿನ ನಡುವೆ ನಿಂತು ಮೊದಲ ಸಲ ಗಿಡ್ಡಪ್ಪನ ಹೆಸರು ಹೇಳಿದ್ದು. ಈಗ ಫಾರಂನಲ್ಲಿ ಹೆಂಗಸಿನ ಹೆಸರಿನ ಜೊತೆ ಗಂಡನ ಹೆಸರು, ಅತ್ತೆಯ ಹೆಸರು, ಮನೆಯ ಎದುರಿಗೆ ಏನಿದೆ ಎಂಬುದನ್ನೂ ಬರೆಸುತ್ತಾರೆ. ಬೇವಿನ ಮರ, ಹಿಟ್ಟಿನ ಗಿರಣಿ, ನೀರಿನ ಟ್ಯಾಂಕು. ಯಾವ ಜಾಗ ಖಾಲಿಯಿದ್ದರೂ ಆ ಹೆಂಗಸು ಒಳಗೆ ಹೋಗುವಂತಿಲ್ಲ.

ಈ ಭಾನುವಾರ ನೀಲಕ್ಕನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಿಂದಿನ ವಾರ ಹರಿಹರದ ಸಂತೆಯಲ್ಲಿ ರೂಪಶ್ರೀ ಎದುರು ಬಂದು, ‘ಭಾನುವಾರ ಸೀಟು ಐತೇನು?’ ಎಂದಷ್ಟೇ ಕೇಳಿ ಹೋಗಿದ್ದಾಳೆ. ಆಕೆಗೆ ಮೂವತ್ನಾಲ್ಕು. ಆರು ತಿಂಗಳಿಂದ ನಡುನಡುವೆ ರಕ್ತ ಕಾಣುತ್ತಿದೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂಬುದು ಆಮೇಲೆ ತಿಳಿಯಿತು. ಹರಿಹರದ ಸುತ್ತಲಿನವರು ಗುಡಿಯ ಮುಂದೆಯೇ ನಮ್ಮನ್ನು ಕೂಡಿಕೊಳ್ಳುತ್ತಾರೆ. ಬಸ್ಸು ನಿಲ್ಲುವ ಮೊದಲೇ ನೀಲಕ್ಕ ಕಿಟಕಿಯಿಂದ ಕತ್ತು ಚಾಚಿದ್ದಾರೆ. ಹೂವಿನಂಗಡಿಯ ಪಕ್ಕ ರೂಪಶ್ರೀ ನಿಂತಿದ್ದಾಳೆ.

ಗುಡಿಯೊಳಗೆ ಸ್ವಾತಿ ಒಂದೇ ವಿಗ್ರಹದ ಬಲಕ್ಕೆ ಶಿವ, ಎಡಕ್ಕೆ ವಿಷ್ಣು ಎಂದು ತೋರಿಸುತ್ತಾರೆ. ಹೊಯ್ಸಳರ ಕಾಲದ ಕಂಬಗಳ ನುಣುಪನ್ನು ಎಲ್ಲರೂ ಮುಟ್ಟಿ ನೋಡುತ್ತಾರೆ. ನೀಲಕ್ಕ ಮಾತ್ರ ದೇವರಿಗೆ ಬೆನ್ನು ಮಾಡಿ ರೂಪಶ್ರೀಯನ್ನೇ ನೋಡುತ್ತಿದ್ದಾರೆ. ಹತ್ತಿರ ಹೋಗುವ ಧೈರ್ಯವಿಲ್ಲ. ಆಸ್ಪತ್ರೆಯಲ್ಲಿ ಆಕೆಯ ಫಾರಂ ತುಂಬಲು ಬೇರೊಬ್ಬರನ್ನು ಕಳಿಸುತ್ತಾರೆ. ರೂಪಶ್ರೀ ಅವರಿಗೆ ಫಾರಂ ಕೊಡುವುದಿಲ್ಲ. ನೀಲಕ್ಕ ನಿಂತ ಮೂಲೆಗೆ ತಾನೇ ಬಂದು ಎದುರು ಕೂರುತ್ತಾಳೆ.

‘ನೀವೇ ಬರೀರಿ’ ಎನ್ನುತ್ತಾಳೆ. ‘ನೀವು ಮರೆಯಲ್ಲ. ಅದ್ಕೇ ಬಂದೀನಿ.’

ನೀಲಕ್ಕ ಪೆನ್ನು ತೆಗೆಯುತ್ತಾರೆ. ಗಂಡನ ಹೆಸರು? ‘ಶಿವಮೂರ್ತಿ.’ ಅತ್ತೆಯ ಹೆಸರು ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ಪೆನ್ನು ನಿಂತಲ್ಲೇ ನಿಂತಿದೆ. ರೂಪಶ್ರೀ ತಾನೇ ಅತ್ತೆಯ ಹೆಸರು ಹೇಳುತ್ತಾಳೆ. ನೀಲಕ್ಕ ದುಂಡಗೆ ಬರೆಯುತ್ತಾರೆ. ಪರೀಕ್ಷೆಯ ಕೋಣೆಗೆ ಇಬ್ಬರೂ ಹೋಗುತ್ತಾರೆ. ನಾನು ಹೊರಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದೆ. ಹೊರಬಂದಾಗ ಇಬ್ಬರೂ ಅತ್ತಿದ್ದು ಗೊತ್ತಾಗುವಂತಿತ್ತು.

ಮೂರು ವಾರ ಕಳೆದು ಸಾರಥಿಗೆ ಹೋಗುವಾಗ ನೀಲಕ್ಕ ನನ್ನನ್ನೂ ಕರೆದರು. ‘ನೀವೂ ಹೆಂಗ್ಸು ಅಲ್ಲೇನು, ಬರ್ರಿ. ಆಕಿ ಬ್ಯಾಡ ಅಂದ್ರೆ ಹೊರಗ ಕೂಡ್ರಿ.’ ಲಕೋಟೆಯಲ್ಲಿ ಏನಿದೆಯೆಂದು ಅವರಿಗೆ ಗೊತ್ತು, ದಾರಿಯುದ್ದಕ್ಕೂ ಬಾಯಿ ಬಿಡುವುದಿಲ್ಲ. ಸಂಜೆಯ ಬಿಸಿಲು. ಕಟ್ಟೆಯ ಮೇಲೆ ರೂಪಶ್ರೀಯ ಮಾವ ಬಕ್ಕೇಶಪ್ಪ ಕೂತಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ. ನೀಲಕ್ಕನನ್ನು ನೋಡಿ ಹೆಗಲ ಮೇಲಿನ ವಲ್ಲಿ ಬಟ್ಟೆ ತೆಗೆದು ಕಟ್ಟೆಯನ್ನು ಒರೆಸುತ್ತಾರೆ.

‘ಕೂಡ್ರಿ’ ಎನ್ನುತ್ತಾರೆ.

ನೀಲಕ್ಕ ಕೂರುವುದಿಲ್ಲ. ಒಳಗೆ ಹೋಗಿ, ರೂಪಶ್ರೀಯ ಎದುರು ಕಾಗದ ಬಿಚ್ಚಿ, ವಿಷಯ ಹೇಳುವ ಮೊದಲು ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ರೂಪಶ್ರೀ. ಗಂಡ ಶಿವಮೂರ್ತಿ. ಅತ್ತೆ ಮರುಳಸಿದ್ದಮ್ಮ. ಎದುರಿಗೆ ಹಾಲಿನ ಡೈರಿ. ಪ್ರತಿಯೊಂದಕ್ಕೂ ರೂಪಶ್ರೀ ‘ಹ್ಞೂಂ’ ಎನ್ನುತ್ತಾಳೆ. ಅದಾದ ಮೇಲೆ ನೀಲಕ್ಕ ದನಿ ತಗ್ಗಿಸಿ ಹೇಳುತ್ತಾರೆ: ‘ಐತವ್ವಾ. ಆದ್ರೆ ಎಳೇದು, ಇನ್ನೂ ರೋಗ ಆಗಿಲ್ಲ. ಅಷ್ಟು ಜಾಗ ತೆಗೀತಾರೆ, ಸಂಜಿಗೆ ಮನಿಗೆ ಬರ್ತೀ. ಏನೂ ಆಗಲ್ಲ.’

ರೂಪಶ್ರೀ ಗೋಡೆಗೆ ಒರಗಿ ಕೂತುಬಿಡುತ್ತಾಳೆ. ಹೊರಗಿನಿಂದ ಬಕ್ಕೇಶಪ್ಪನ ದನಿ: ‘ಏನಂತವ್ವಾ?’ ಇಂಥ ವಿಷಯ ಸೊಸೆ ಮಾವನಿಗೆ ಹೇಳುವ ಮನೆಗಳು ಇಲ್ಲಿ ಕಡಿಮೆ. ರೂಪಶ್ರೀ ಬಾಗಿಲಿಗೆ ಬರುತ್ತಾಳೆ.

‘ಅತ್ತೆಗೆ ಇದ್ದದ್ದೇ ಮಾವ. ಸಣ್ದೈತಂತೆ. ಈಗ್ಲೇ ಸಿಕ್ಕೈತಂತೆ.’

ಬಕ್ಕೇಶಪ್ಪ ವಲ್ಲಿಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಅವರ ಹೆಗಲು ಅಲುಗುವುದನ್ನು ನಾವು ಮೂವರೂ ನೋಡುತ್ತಾ ನಿಂತಿದ್ದೆವು. ಮುಖ ಒರೆಸಿಕೊಂಡು ಅವರು ಕೇಳಿದ್ದು ಇಷ್ಟೇ: ‘ಯಾವತ್ತು ಕರ್ಕಂಡು ಬರ್ಲಿ, ಹೇಳ್ರಿ. ಶಿವಮೂರ್ತಿ ಬ್ಯಾಡ, ನಾನೇ ಬರ್ತೀನಿ.’ ನೀಲಕ್ಕ ದಿನ ಹೇಳಿದರು. ಅಷ್ಟರಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ಅಂಗಳದಂಚಿಗೆ ಬಂದು ನಿಂತಿದ್ದರು. ಮುಂದಿನ ಬಸ್ಸು ಯಾವಾಗ ಎಂದು ಅವರಲ್ಲೊಬ್ಬಾಕೆ ಕೇಳಿದಳು.

ಬಸ್ಸಿಗೆ ಕಾಯುತ್ತಾ ನಿಂತಾಗ ನಾನು, ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯಲೇ, ಆ ತಪ್ಪಿನ ವಿಷಯ ಬಿಟ್ಟು ಬರೆಯಲೇ ಎಂದು ಕೇಳಿದೆ. ರೂಪಶ್ರೀ ಆಗಲೇ ಎಲ್ಲರ ಹೆಸರು ಹಾಕಲು ಒಪ್ಪಿದ್ದಳು. ನೀಲಕ್ಕ ಚೀಲ ಕಂಕುಳಿಗೆ ಏರಿಸಿಕೊಂಡು ಸ್ವಲ್ಪ ಯೋಚಿಸಿದರು.

‘ಅದನ್ನ ಬಿಟ್ರೆ ಬರೀಲೇಬ್ಯಾಡ್ರಿ’ ಎಂದರು. ‘ಬರದ್ರೆ ಬರೇ ಮರುಳಸಿದ್ದಮ್ಮ ಅಂತ ಬರೀಬ್ಯಾಡ್ರಿ. ಸಾರಥಿ ಮರುಳಸಿದ್ದಮ್ಮ, ಗಂಡ ಬಕ್ಕೇಶಪ್ಪ, ಅಂತ ಪೂರ್ತಿ ಬರೀರಿ. ಆ ಹೆಸ್ರಿನ ಇನ್ನೊಬ್ಬಾಕಿ ಊರಾಗೆ ಬದುಕ್ಯಾಳೆ. ಸತ್ತಾಕಿ ಯಾರು ಅಂತ ಈ ಸಲನಾದ್ರೂ ತಪ್ಪಬಾರ್ದು.’