ಬೇಲಿಯಾಚೆಯ ನದಿಯೂರು

ಸ್ಯಾನ್ ಹೊಸೆಯಿಂದ ದಕ್ಷಿಣಕ್ಕೆ ಹೋಗುವ ಫ್ರೀವೇಯಲ್ಲಿ ಬೆಳ್ಳುಳ್ಳಿಗೆ ಹೆಸರಾದ ಗಿಲ್ರಾಯ್ ಊರು ಹತ್ತಿರವಾದಂತೆ ಕಾರಿನೊಳಗೆ ಬೆಳ್ಳುಳ್ಳಿಯ ವಾಸನೆ ನುಗ್ಗುತ್ತದೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ಏರಿಸುತ್ತಾಳೆ. ನನಗೆ ಮಾತ್ರ, ಈಗ ಇಲ್ಲದ ಹಿತ್ತಿಲೊಂದು ನೆನಪಾಗುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ತೈವಾನಿನ ಮುದುಕಿಯೊಬ್ಬರು ಮಗನ ಸಂಸಾರದ ಜೊತೆಗಿದ್ದರು. ಅಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವವರೆಗೆ ನನ್ನ ಡೇಕೇರು ಅವರ ಮನೆಯೇ. ಅವರ ಮಾತಿನಲ್ಲಿ ಅಜ್ಜಿಗೆ ‘ಆಮಾ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ.

ಸ್ಕೂಲಿನಿಂದ ಬಂದವಳಿಗೆ ಬಿಸಿ ಅನ್ನದ ಮೇಲೆ ಹುರಿದ ಬೆಳ್ಳುಳ್ಳಿ ಸೊಪ್ಪು ಬಡಿಸಿ, ಹಿತ್ತಿಲ ಬೆಳ್ಳುಳ್ಳಿ ಪಾತಿಗಳ ನಡುವೆ ಕೂತು ಆಮಾ ತಮ್ಮ ಊರಿನ ಕಥೆ ಹೇಳುತ್ತಿದ್ದರು. ಅರ್ಧ ಹರಕು ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ. ಬೆಟ್ಟಗಳಿಂದ ಕಪ್ಪು ಹೂಳು ಹೊತ್ತು ತರುವ ದೊಡ್ಡ ನದಿ, ಅದರ ದಂಡೆಯಲ್ಲಿ ಭತ್ತ, ಭತ್ತ ಕೊಯ್ದ ಮೇಲೆ ಬೆಳ್ಳುಳ್ಳಿ, ಅದರಾಚೆ ಕಬ್ಬು, ಕಬ್ಬು ಹೊರುವ ಪುಟ್ಟ ರೈಲು. ಹಿಂದೆಲ್ಲ ಆ ನದಿ ಮನಸ್ಸು ಬಂದ ಕಡೆ ಹರಿದು ಊರನ್ನೇ ಎಬ್ಬಿಸಿ ಓಡಿಸುತ್ತಿತ್ತಂತೆ; ಜಪಾನಿನವರು ಆಳುವಾಗ ಒಡ್ಡು ಕಟ್ಟಿಸಿ ಕಾಲುವೆ ತೋಡಿಸಿದ ಮೇಲೆ ಊರು ಒಂದೆಡೆ ನಿಂತಿತಂತೆ. ಚಳಿಗಾಲದಲ್ಲಿ ಒಣಗಿದ ಹೊಳೆಯ ಮರಳನ್ನು ಗಾಳಿ ಎತ್ತಿ ತರುತ್ತಿತ್ತು. ಉಣ್ಣಲು ಕೂತವರು ಅನ್ನದ ಬಟ್ಟಲಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಶಾಲೆಯಲ್ಲಿ ಆಮಾಗೆ ಜಪಾನಿ ಹೆಸರಿಟ್ಟಿದ್ದರು. ಯುದ್ಧ ಮುಗಿದು ಜಪಾನಿನವರು ಹೋದರು, ಚೀನಾದಿಂದ ಬಂದವರ ಸರ್ಕಾರ ಕೂತಿತು, ಶಾಲೆಯ ಭಾಷೆ ಮತ್ತೆ ಬದಲಾಯಿತು. ಮನೆಮಾತು ಆಡಿದ್ದಕ್ಕೆ ಆಮಾರ ಪುಟ್ಟ ತಮ್ಮನ ಕೊರಳಿಗೆ ಶಾಲೆಯಲ್ಲಿ ಶಿಕ್ಷೆಯ ಹಲಗೆ ನೇತುಹಾಕಿದರಂತೆ. “ಮನೆಗೆ ಬಂದ ಮೇಲೂ ಅವನು ಮಾತಾಡಲಿಲ್ಲ,” ಎಂದಿದ್ದರು. ಅದರ ಮುಂದಿನದನ್ನು ಎಂದೂ ಹೇಳಲಿಲ್ಲ.

ಒಂದು ಬೇಸಿಗೆಯಲ್ಲಿ ಧಾರವಾಡದಿಂದ ನನ್ನ ಅಜ್ಜಿ ಬಂದಿದ್ದಳು. ಬೇಲಿಯ ಹತ್ತಿರ ನಿಂತು, “ಆಕಿ ಊರಾಗೂ ಎರಿ ಮಣ್ಣ ಅದ ಏನು, ಕೇಳವಾ,” ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಕರಿಮಣ್ಣು ಎಂಬುದು ತಿಳಿದದ್ದೇ ಆಮಾರ ಮುಖ ಅರಳಿತು. ಅಂದಿನಿಂದ ಇಬ್ಬರೂ ಮಧ್ಯಾಹ್ನಗಳಲ್ಲಿ ಒಟ್ಟಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು, ಒಬ್ಬಳು ಕನ್ನಡದಲ್ಲಿ, ಒಬ್ಬರು ತೈವಾನಿ ಮಾತಿನಲ್ಲಿ ಹರಟುತ್ತ. “ತಿಳೀತದೇನಜ್ಜಿ?” ಎಂದು ನಾನು ಅವಳ ಮಾತನ್ನೇ ಅಣಕಿಸಿ ಕೇಳಿದರೆ, “ದನಿ ತಿಳೀತದ, ಸಾಕು,” ಎನ್ನುತ್ತಿದ್ದಳು.

ನಾನು ಬರ್ಕ್ಲಿಯಲ್ಲಿ ಓದುತ್ತಿರುವಾಗಲೇ ಧಾರವಾಡದಲ್ಲಿ ಅಜ್ಜಿ ತೀರಿಕೊಂಡಳು. ಆಮಾರ ಮಗ ಮನೆ ಮಾರಿದರು. ಕೊಂಡವರು ಅದನ್ನು ಕೆಡವಿ, ಹಿತ್ತಿಲಿಗೆ ಕಾಂಕ್ರೀಟು ಹಾಕಿಸಿದರು. ಎಷ್ಟೋ ವರ್ಷಗಳ ಮೇಲೆ ಫ್ರೀಮಾಂಟಿನ ವೃದ್ಧಾಶ್ರಮಕ್ಕೆ ಆಮಾರನ್ನು ನೋಡಲು ಹೋದಾಗ, ಅವರ ಮೊಮ್ಮಗಳು ಬಾಗಿಲಲ್ಲೇ ಎಚ್ಚರಿಸಿದಳು: “ಅವರಿಗೆ ಇಂಗ್ಲಿಷ್ ಮರೆತುಹೋಗಿದೆ. ಅವರ ಭಾಷೆ ಡ್ಯಾಡಿಗೆ ಬರುತ್ತೆ, ನನಗೆ ಬರಲ್ಲ.”

ಆಮಾ ನನ್ನ ಕೈ ಹಿಡಿದು ಮಾತಾಡತೊಡಗಿದರು. ನೀರು, ಗಾಳಿ, ಅನ್ನ ಎಂಬಂಥ, ಚಿಕ್ಕಂದಿನಲ್ಲಿ ಕಲಿತ ನಾಲ್ಕಾರು ಪದಗಳು ಸಿಕ್ಕವು, ಉಳಿದದ್ದೆಲ್ಲ ಹರಿದುಹೋಯಿತು. ಆ ಪುಟ್ಟ ತಮ್ಮನ ಹೆಸರು ಬಂದಾಗ ದನಿ ಇಳಿಯಿತು. ಅಲ್ಲಿಂದ ಮುಂದಕ್ಕೆ ಬಹಳ ಹೊತ್ತು ಹೇಳಿದರು, ನಡುವೆ ಕಣ್ಣೊರೆಸಿಕೊಂಡರು, ಕೊನೆಗೆ ಏನನ್ನೋ ಕೇಳಿ ನನ್ನ ಮುಖ ನೋಡಿದರು. ಮೊಮ್ಮಗಳು ಇಲ್ಲವೆಂದು ತಲೆಯಾಡಿಸಿದಳು, ಅವಳಿಗೂ ತಿಳಿದಿರಲಿಲ್ಲ. ನಾನು ಹೂಂ ಎಂದೆ. ಆಮಾ ನಿಟ್ಟುಸಿರು ಬಿಟ್ಟು, ಹಗುರಾದವರಂತೆ ಕಣ್ಣು ಮುಚ್ಚಿದರು. ಆ ಚಳಿಗಾಲ ಕಳೆಯುವ ಮೊದಲೇ ಅವರು ಹೋದರು. ಯಾವುದಕ್ಕೆ ಹೂಂ ಎಂದೆನೋ, ನನಗಿನ್ನೂ ತಿಳಿಯದು.