ಎಡಗಡೆ ಉಳಿದ ಕೌದಿ

ಚಹಾದ ಲೋಟ ನನ್ನ ಹೆಂಡತಿ ಮಾಬುಬಿಯ ಎಡಗೈಯಿಂದ ಜಾರಿ ಬಿತ್ತು. ಅವಳು ಅದರ ಕಡೆ ನೋಡಲೇ ಇಲ್ಲ. ಬಿಸಿ ಚಹಾ ಸೀರೆಯ ಮೇಲೆ ಹರಿಯುತ್ತಿತ್ತು. ಸುಡಲಿಲ್ಲವೇನು ಅಂತ ಕೇಳಿದೆ. ಏನೋ ಹೇಳಲು ಹೋದಳು, ಮಾತು ತೊದಲಿತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಆಟೋದಲ್ಲಿ ಅವಳನ್ನು ತಬ್ಬಿಕೊಂಡೇ ಕುಳಿತೆ. ಸಿ.ಟಿ. ಸ್ಕ್ಯಾನ್ ಆದ ಮೇಲೆ ಡಾಕ್ಟರು ಹೊರಗೆ ಬಂದು, ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು.

ಸ್ಟ್ರೋಕ್.

ಆರು ತಿಂಗಳಿಂದ ಅವಳು ಬಿ.ಪಿ. ಮಾತ್ರೆ ಬಿಟ್ಟಿದ್ದಳು. ನನಗೆ ಗೊತ್ತಿತ್ತು. ಆರಾಮ ಇದ್ದಾಳಲ್ಲ ಅಂತ ಸುಮ್ಮನಿದ್ದೆ. ವಾರ್ಡಿನ ಬೆಂಚಿನ ಮೇಲೆ ಕುಳಿತಷ್ಟು ದಿನವೂ ಇದೊಂದೇ ಯೋಚನೆ ನನ್ನನ್ನು ತಿಂದಿತು.

ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಮಾತು ಸರಿಹೋಗಿತ್ತು. ಎಡಗಾಲು ಎಳೆಯುತ್ತಿದ್ದಳು, ಎಡಗೈಯಲ್ಲಿ ಬಲವಿರಲಿಲ್ಲ. ಆದರೆ ನನ್ನನ್ನು ಹೆದರಿಸಿದ್ದು ಬೇರೆಯದು. ತಟ್ಟೆಯಲ್ಲಿ ಬಲಗಡೆಯ ಅನ್ನ ಮಾತ್ರ ಉಂಡು, ಇನ್ನೂ ಹಸಿವು ಅನ್ನುತ್ತಿದ್ದಳು. ಎಡಗಡೆ ಅನ್ನ ಹಾಗೇ ಇರುತ್ತಿತ್ತು. ತಟ್ಟೆ ತಿರುಗಿಸಿದರೆ ಅದನ್ನೂ ಉಣ್ಣುತ್ತಿದ್ದಳು. ನಾನು ಎಡಕ್ಕೆ ಕುಳಿತು ಕರೆದರೆ ಬಲಕ್ಕೆ ಹುಡುಕುತ್ತಿದ್ದಳು.

ಫಿಜಿಯೋಥೆರಪಿಯ ಮೇಡಂ ನಿಧಾನವಾಗಿ ತಿಳಿಸಿಹೇಳಿದರು. ಕಣ್ಣಿಗೆ ಏನೂ ಆಗಿಲ್ಲ. ಎಡಗಡೆ ಅನ್ನೋದೊಂದು ಇದೆ ಎಂಬುದನ್ನೇ ಮೆದುಳು ಮರೆತಿದೆ. ಕೆಲವರಿಗೆ ಮರಳುತ್ತದೆ, ಕೆಲವರಿಗೆ ಪೂರ್ತಿ ಮರಳುವುದಿಲ್ಲ.

ಕೈಗೆ ಏನಾದರೂ ಕೆಲಸ ಕೊಡಿ ಅಂತಲೂ ಹೇಳಿದ್ದರು. ಸಿರುಗುಪ್ಪದಿಂದ ಬಂದಿದ್ದ ಮಗಳು ಶಬಾನಾ ಟ್ರಂಕಿನ ತಳದಿಂದ ಕೌದಿ ತೆಗೆದಳು. ಅವಳ ಮದುವೆಗೆಂದು ಶುರುವಾದದ್ದು. ನನ್ನ ಹಳೇ ಲುಂಗಿ, ಶಬಾನಾಳ ಸಾಲಿ ಯೂನಿಫಾರ್ಮು, ಕುರುಗೋಡಿನ ನಮ್ಮತ್ತೆಯ ಸೀರೆ, ಎಲ್ಲದರ ತುಂಡುಗಳೂ ಅದರಲ್ಲಿದ್ದವು. ತುಂಡುಗಳನ್ನು ಜೋಡಿಸಿಯಾಗಿತ್ತು, ಮೇಲೆ ಉದ್ದಕ್ಕೂ ಹಾಕುವ ಸಾಲು ಹೊಲಿಗೆ ಬಾಕಿ. ಮಾಬುಬಿ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದ ಮೇಲೆ ಅದು ನಿಂತೇ ಹೋಗಿತ್ತು. ದಿನವಿಡೀ ಮಷೀನಿನ ಮುಂದೆ ಕುಳಿತು ಬಂದವಳಿಗೆ ಮನೆಯಲ್ಲಿ ಸೂಜಿ ಹಿಡಿಯುವ ಮನಸ್ಸಿರುತ್ತಿರಲಿಲ್ಲ. ಶಬಾನಾಳ ಮದುವೆಯಾಗಿ ಒಂಬತ್ತು ವರ್ಷ ಕಳೆದಿತ್ತು.

ನಾನು ದಾರ ಪೋಣಿಸಿ ಕೊಟ್ಟೆ, ಬಟ್ಟೆ ಬಿಗಿಹಿಡಿದೆ. ಅವಳು ಬಲಗೈಯಲ್ಲಿ ಹೊಲಿದಳು. ಮೂರು ವಾರ ಹೊಲಿದಳು. ಆ ದಿನಗಳಲ್ಲಿ ನಾನು ಗಳಿಗೆಗೊಮ್ಮೆ ಅವಳನ್ನು ನಗಿಸಿ ಬಾಯಿ ಸೊಟ್ಟಗಾಗಿದೆಯೇ ಅಂತ ನೋಡುತ್ತಿದ್ದೆ. ಇನ್ನೊಂದು ಸಲ ಬಂದರೆ ಏನು ಗತಿ ಅನ್ನೋ ಭಯ. ಅವಳಿಗೆ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಸೂಜಿ ಕೆಳಗಿಟ್ಟು ಹೇಳಿದಳು: "ಮುಗೀತು ನೋಡ್ರಿ."

ಅರ್ಧ ಕೌದಿ ಖಾಲಿ ಇತ್ತು.

ಬಲಗಡೆ ಸಾಲುಗಳು ಒತ್ತೊತ್ತಾಗಿ, ನೇರವಾಗಿದ್ದವು. ನಡುವೆ ಗೆರೆ ಹೊಡೆದಂತೆ ನಿಂತಿದ್ದವು. ಆಚೆ ಒಂದು ಎಳೆಯೂ ಇಲ್ಲ. ಅವಳ ಮುಖದಲ್ಲಿ ಸ್ಟ್ರೋಕ್ ಆದ ಮೇಲೆ ಮೊದಲ ಸಲ ಸಮಾಧಾನ ಕಂಡಿದ್ದೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಛಲೋ ಆಗೈತಿ ಅಂದುಬಿಟ್ಟೆ.

ಮರುದಿನ ಶಬಾನಾ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ನಾನು ಮನೆಯ ಹೊಲಿಗೆ ಮಷೀನಿನ ಮೇಲೆ ಎಡಭಾಗ ಹೊಲಿದು ಮುಗಿಸಿದೆ. ಅವಳಿಗೆ ಕಾಣುವುದಿಲ್ಲವಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಖಾಲಿ ಉಳಿದ ಆ ಅರ್ಧವನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಸಂಜೆ ಕೌದಿ ಹೊದಿಸುವಾಗ ಅದು ತಿರುಗುಮುರುಗಾಗಿ, ನಾನು ಹೊಲಿದ ಭಾಗ ಅವಳ ಬಲಕ್ಕೆ ಬಂದಿತ್ತು. ಅವಳ ಬಲಗೈ ನನ್ನ ಹೊಲಿಗೆಯ ಮೇಲೆ ಹರಿದಾಡಿ ನಿಂತಿತು.

"ಇದು ಯಾರ ಹೊಲಿಗಿ?"

ನಾನು ಕೌದಿ ತಿರುಗಿಸಲು ಹೋದೆ, ಅವಳು ಬಿಡಲಿಲ್ಲ.

"ಮಷೀನಿಂದು ಇದು. ನಂದು ಮುಗಿದಿದ್ದಿಲ್ಲೇನು? ನನಗ್ಯಾಕ ಹೇಳಲಿಲ್ಲ ನೀವು?"

ನನಗೆ ಅಂಜಿಕಿ ಆಗಿತ್ತು ಅಂದೆ. ಅವಳು ಅತ್ತಳು. ಎಷ್ಟು ಉಳಿದಿತ್ತು ಅಂತ ಕೇಳಿದಳು. ಅರ್ಧ ಅಂದೆ. ತನಗೆ ಏನಾಗಿದೆ ಅನ್ನೋದು ಅವಳಿಗೆ ಸರಿಯಾಗಿ ತಿಳಿದದ್ದು ಅವತ್ತೇ ಇರಬೇಕು.

ಬೆಳಿಗ್ಗೆ ಎದ್ದವಳೇ ನನ್ನ ಹೊಲಿಗೆ ಬಿಚ್ಚಲು ಹೇಳಿದಳು. ಅವಳ ಎದುರಿಗೇ ಕೂತು ಬಿಚ್ಚಿದೆ. ಮೇಡಂ ಹೇಳಿದಂತೆ ಎಡ ಅಂಚಿಗೆ ಕೆಂಪು ಪಟ್ಟಿ ಹಚ್ಚಿದೆ. ಕೆಂಪು ಕಣ್ಣಿಗೆ ಬೀಳುವ ತನಕ ತಲೆ ತಿರುಗಿಸಬೇಕು, ಆಮೇಲೆಯೇ ಸೂಜಿ ಹಾಕಬೇಕು. ದಿನಕ್ಕೆ ಎರಡು ಸಾಲು ಆದರೆ ಹೆಚ್ಚು. ಕೆಲವು ದಿನ ಪಟ್ಟಿ ಸಿಗದೆ ಸೂಜಿ ಬಿಸಾಕಿದಳು. ನಾನು ಬಾಯಿಗೆ ಬಂದ ಉತ್ತೇಜನದ ಮಾತುಗಳನ್ನೆಲ್ಲ ನುಂಗಿಕೊಂಡು ಸೂಜಿ ಹುಡುಕಿ ಕೊಟ್ಟೆ. ಸುಳ್ಳು ಹೇಳುವುದನ್ನು ಬಿಟ್ಟಿದ್ದೆ.

ಹೀಗೆ ನಾಲ್ಕು ತಿಂಗಳು.

ಹೋದ ಶುಕ್ರವಾರ ಅವಳು ದಾರ ಕಡಿದು ಕುಳಿತಳು. ಮುಗೀತು ಅನ್ನುತ್ತಾಳೆಂದು ಅಂಜಿದೆ. ಅವಳು ಕೌದಿಯ ಕಡೆ ನೋಡಿ, ನನ್ನ ಕಡೆ ನೋಡಿ, ಮೆಲ್ಲಗೆ ಕೇಳಿದಳು:

"ಎಡಕ ಇನ್ನೂ ಉಳಿದೈತೇನು?"

"ಐತಿ. ಒಂದು ಗೇಣು."

"ಹಂಗಾರ ದಾರ ಪೋಣಿಸ್ರಿ."

ಆ ಒಂದು ಗೇಣು ಭಾನುವಾರ ಮುಗಿಯಿತು. ಎಡಗಡೆ ಸಾಲುಗಳು ಸೊಟ್ಟ. ಎರಡು ಜಾಗದಲ್ಲಿ ಒಂದರ ಮೇಲೊಂದು ಹತ್ತಿವೆ. ಡಾಕ್ಟರು, ಪೂರ್ತಿ ಮರಳುತ್ತದೆ ಅಂತ ಈಗಲೂ ಹೇಳುವುದಿಲ್ಲ. ಮಾತ್ರೆ ತಪ್ಪಿಸಬೇಡಿ ಅನ್ನುತ್ತಾರೆ. ನಾನು ತಪ್ಪಿಸುವುದಿಲ್ಲ. ಭಯ ಹೋಗಿಲ್ಲ. ಆದರೆ ಅವಳು ಕೇಳುತ್ತಾಳೆ, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸದ್ಯಕ್ಕೆ ನಮಗೆ ಅಷ್ಟು ಸಿಕ್ಕಿದೆ.