ಕೆಂಪು ಶಾಯಿಯ ಸ್ಟ್ರಕ್ ಆಫ್

ನಮ್ಮೂರಿಗೆ ಮೊದಲು ಬಂದ ಇಂಗ್ಲಿಷ್ ಮಾತು ರೈಲು, ಆಮೇಲಿನದು ಬಸ್ಸು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವೆರಡೂ ಆದವಾನಿಯಲ್ಲಿ ನಿಂತಿರುತ್ತಿದ್ದವು, ನೋಡಬೇಕೆಂದರೆ ನಾವೇ ಗಾಡಿ ಕಟ್ಟಿಕೊಂಡು ಹೋಗಬೇಕಿತ್ತು. ಕರೆಯದೆ ನಮ್ಮ ಹೊಸ್ತಿಲವರೆಗೆ ನಡೆದುಬಂದ ಇಂಗ್ಲಿಷ್ ಮಾತು ಒಂದೇ. ಸ್ಟ್ರಕ್ ಆಫ್.

ಒಂದು ವರ್ಷದೊಳಗೆ ಅದು ಊರ ಮಾತೇ ಆಗಿಹೋಯಿತು. ಎತ್ತಿಗೆ ಮುಪ್ಪು ಬಂದರೆ ಸ್ಟ್ರಕಾಪು. ಬೀಗರು ಹೆಣ್ಣು ನೋಡಿ ಹೋಗಿ ಮಾತಾಡದೆ ಕೂತರೆ ಸ್ಟ್ರಕಾಪು. ಹೊಲದಲ್ಲಿ ಹೆಂಗಸರು ಒಬ್ಬರನ್ನೊಬ್ಬರು, "ಯಾಕ, ನಿನ್ನ ಗಂಡ ಸ್ಟ್ರಕಾಪ್ ಮಾಡ್ಯಾನೇನ?" ಎಂದು ಚುಡಾಯಿಸುತ್ತಿದ್ದರು. ಎಲ್ಲರಿಗೂ ನಗು. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾಕೆಂದರೆ ಆ ಮಾತು ಊರಿಗೆ ಬಂದದ್ದು ನನ್ನ ಹೆಸರಿನ ಮೇಲೆ ಕಾಲಿಟ್ಟು.

ಪೆದ್ದಕಡುಬೂರಿನ ಹತ್ತಿರ ನಮ್ಮೂರು. ಬಳ್ಳಾರಿ ಜಿಲ್ಲೆಯಲ್ಲಿದ್ದವರು ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿ ಆಗ್ಗೆ ಒಂದೆರಡು ವರ್ಷ ಆಗಿರಬೇಕು. ಶಾಲೆಯಲ್ಲಿ ಒಂದು ಕಡೆ ತೆಲುಗು ಕ್ಲಾಸು, ಇನ್ನೊಂದು ಕಡೆ ಕನ್ನಡ ಕ್ಲಾಸು, ನಡುವೆ ಒಂದು ಬಿದಿರು ತಟ್ಟಿ. ಮಕ್ಕಳಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಆ ಕಡೆಯ ಮಗ್ಗಿ ಈ ಕಡೆಗೂ ಕೇಳುತ್ತಿತ್ತು, ಎರಡೂ ಬಾಯಿಗೆ ಬರುತ್ತಿದ್ದವು. ಕನ್ನಡಕ್ಕೆ ಇದ್ದವರು ಒಬ್ಬರೇ ಮೇಷ್ಟ್ರು. ನಾನು ಐದನೇ ಕ್ಲಾಸು. ಐದು ಪಾಸಾದ ಹೆಣ್ಣುಮಗಳು ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ. ಪಾಸಾದರೆ ಆದವಾನಿಯಲ್ಲಿ ಸೋದರತ್ತೆಯ ಮನೆಯಲ್ಲಿಟ್ಟು ಮುಂದೆ ಓದಿಸುವುದಾಗಿ ಅಪ್ಪ ಬಾಯಿಬಿಟ್ಟು ಹೇಳಿದ್ದ.

ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬಂತು. ಆಗ ನಮ್ಮ ಕಡೆ ಮಕ್ಕಳು ಶಾಲೆಗೆ ಹೋಗುವುದಿಲ್ಲ. ಉಡಿ ಕಟ್ಟಿಕೊಂಡು ಸಾಲು ಹಿಡಿಯುತ್ತವೆ. ಮೊದಲಿದ್ದ ಹೆಡ್‌ಮಾಸ್ತರರಿಗೆ ಇದು ಗೊತ್ತಿತ್ತು, ಅವರೂ ಆ ತಿಂಗಳು ಅರ್ಧ ನಿದ್ದೆಯಲ್ಲಿರುತ್ತಿದ್ದರು. ಹೊಸದಾಗಿ ಬಂದವರು ಹತ್ತಿ ಬೆಳೆಯದ ಸೀಮೆಯಿಂದ ಬಂದವರು. ಹದಿನೈದು ದಿನ ಸತತ ಬರದ ಮಕ್ಕಳ ಹೆಸರಿನ ಮೇಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ತಟ್ಟಿಯ ಎರಡೂ ಕಡೆ ಎಳೆದರು, ಸುಳ್ಳು ಹೇಳಬಾರದು. ಆದರೆ ಆ ಕಡೆ ಬೇಕಾದಷ್ಟು ಮಕ್ಕಳು ಉಳಿದರು. ಈ ಕಡೆ ಉಳಿದವರು ಆರು ಮಂದಿ. ಇಪ್ಪತ್ತು ಮಕ್ಕಳಿಲ್ಲದಿದ್ದರೆ ಕನ್ನಡ ಕ್ಲಾಸೇ ಇಲ್ಲ ಎಂದರು.

ಮೇಷ್ಟ್ರು ಓಡಾಡಿ, ಅರ್ಜಿ ಬರೆದು, ಮೇಲಿನ ಸಾಹೇಬರನ್ನು ಊರಿಗೆ ಬರಲು ಒಪ್ಪಿಸಿದರು. ಸಾಹೇಬರು ಮನೆಮನೆಗೆ ಬಂದು ಕೇಳುತ್ತಾರೆ, ಮಕ್ಕಳಿದ್ದಾರೆ ಎಂದರೆ ಹೆಸರು ಮತ್ತೆ ಸೇರುತ್ತದೆ ಎಂದು ಮಾತಾಯಿತು. ಮೇಷ್ಟ್ರು ಹಿಂದಿನ ಸಂಜೆಯೇ ಕಟ್ಟೆಗೆ ಹೋಗಿ ಗಂಡಸರಿಗೆಲ್ಲ ತಿಳಿಸಿ ಬಂದರು. ಕಟ್ಟೆಯ ಮೇಲೆ ನಮ್ಮಪ್ಪನೂ ಇದ್ದ. ಮನೆಗಳಲ್ಲೂ ಹೇಳಿ ಬರಲೇ ಎಂದು ಮೇಷ್ಟ್ರು ಕೇಳಿದರಂತೆ. "ಹೆಂಗಸ್ರಿಗೆ ಹೇಳೋದೇನೈತ್ರಿ, ನಾವು ಇರ್ತೀವಲ್ಲ" ಎಂದರಂತೆ ಗಂಡಸರು.

ಇರಲಿಲ್ಲ. ಬೆಳಿಗ್ಗೆ ಆದವಾನಿಯಲ್ಲಿ ಹತ್ತಿಗೆ ಒಳ್ಳೆ ಧಾರಣೆ ಎಂಬ ಸುದ್ದಿ ಬಂತು. ಊರ ಗಾಡಿಗಳೆಲ್ಲ ಸಾಲುಗಟ್ಟಿ ಹೋದವು. ಸಾಹೇಬರು ಬರುವ ಸಂಗತಿ ಒಬ್ಬ ಗಂಡಸಿನ ತಲೆಯಲ್ಲೂ ಉಳಿಯಲಿಲ್ಲ.

ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ಕೂತು ಹತ್ತಿಯೊಳಗಿನ ಎಲೆಚೂರು ಆರಿಸುತ್ತಿದ್ದಳು. ನನಗೆ ಹಿಂದಿನ ದಿನ ಬಿಸಿಲು ಬಡಿದಿತ್ತು, ಹಾಗಾಗಿ ಮನೆಯಲ್ಲಿದ್ದೆ. ಓಣಿಯ ಬಾಯಲ್ಲಿ ಷರಾಯಿ ಹಾಕಿದವರು ಇಬ್ಬರು, ಕೈಯಲ್ಲಿ ಕಾಗದ. ಅಜ್ಜಿ ನನ್ನ ರಟ್ಟೆ ಹಿಡಿದು ಹತ್ತಿ ರಾಶಿಯೊಳಗೆ ನೂಕಿ, ಮೇಲೆ ಎರಡು ತೆಕ್ಕೆ ಹತ್ತಿ ಎಳೆದಳು. ಸಿಡುಬಿನ ಸೂಜಿಯವರು ಬಂದಾಗಲೂ ಹೀಗೇ ಮಾಡುತ್ತಿದ್ದಳು. ನಾನೂ ಅವರೇ ಎಂದುಕೊಂಡೆ. ಉಸಿರು ಬಿಗಿಹಿಡಿದೆ.

"ಅವ್ವಾ, ಇಂಟ್ಲೋ ಪಿಲ್ಲಲು ಎಂತಮಂದಿ?" ಸಾಹೇಬರ ದನಿ.

ಮನೆಯಲ್ಲಿ ಮಕ್ಕಳು ಎಷ್ಟು ಎಂದು ಕೇಳಿದ್ದು ಅಜ್ಜಿಗೆ ಚೆನ್ನಾಗಿ ತಿಳಿಯಿತು. ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು, ಅವಳ ತವರು ನಂದವರದ ಕಡೆ. ತೊಡಕು ಭಾಷೆಯದಲ್ಲ. ನಮ್ಮಲ್ಲಿ ಮಕ್ಕಳನ್ನು ಎಣಿಸುವುದಿಲ್ಲ. ಕುರಿ ಎಣಿಸಬಹುದು, ಹುಲ್ಲಿನ ಹೊರೆ ಎಣಿಸಬಹುದು. ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಬಾಯಿಬಿಟ್ಟು ಎಣಿಸಿದರೆ ಒಂದು ಕಡಿಮೆಯಾಗುತ್ತದೆ. ನೆಂಟರು ಕೇಳಿದರೆ "ದೇವರು ಕೊಟ್ಟಷ್ಟು" ಎನ್ನಬೇಕು. ಕಾಗದ ಹಿಡಿದ ಪರಕೀಯರು ಕೇಳಿದರೆ ಇಲ್ಲವೇ ಇಲ್ಲ ಎನ್ನಬೇಕು.

"ಯಾವ ಪಿಲ್ಲಲಪ್ಪಾ?" ಎಂದಳು ಅಜ್ಜಿ. "ಬೆಕ್ಕಿನ ಮರಿ ಒಂದು ಅಡ್ಡಾಡತೈತಿ. ಬೇಕಾದ್ರ ಅದನ್ನ ಬರ್ಕೋ."

ಜೊತೆಗಿದ್ದವರು ನಕ್ಕರು; ಅವರು ಹೊಸ ಹೆಡ್‌ಮಾಸ್ತರರೆಂದು ಆಮೇಲೆ ತಿಳಿಯಿತು. ಶಾಲೆಗೆ ಹೋಗುವ ಮಕ್ಕಳು, ಕನ್ನಡ ಓದುವವರು, ಎಂದು ಸಾಹೇಬರು ಬಿಡಿಸಿ ಕೇಳಿದರು.

"ಸಾಲಿಗೆ ಹೋಗಾವು ಇದ್ದಿದ್ರ ನಾನ್ಯಾಕ ಈ ವಯಸ್ಸಿನ್ಯಾಗ ಕಸಾ ಆರಿಸಿಕೋಂತ ಕುಂದರತಿದ್ದೆ? ಹೋಗ್ರಪ್ಪಾ, ಬಿಸಲಾಗೈತಿ, ನೀರು ಕುಡದು ಹೋಗ್ರಿ."

ನೀರು ಕೊಟ್ಟಳು. ಕುಡಿದರು. "ಲೇರು ಅನಿ ವ್ರಾಸುಕೋ" ಎಂದರು ಸಾಹೇಬರು. ಯಾರೂ ಇಲ್ಲ ಎಂದು ಬರೆದುಕೊಂಡರು. ನಾನು ಹತ್ತಿಯೊಳಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಸೂಜಿಯವರೂ ಶಾಲೆಯ ಮಕ್ಕಳನ್ನೇ ಕೇಳಿಕೊಂಡು ಬರುತ್ತಿದ್ದರು, ಸೂಜಿ ತಪ್ಪಿತಲ್ಲ ಎಂದು. ಆ ನಗುವನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಒಂದು ಸಲ ಸೀನಿದ್ದರೆ ಸಾಕಿತ್ತು.

ಓಣಿಯ ಉದ್ದಕ್ಕೂ ಇದೇ ಆಯಿತು. ಒಬ್ಬಳು ಮಕ್ಕಳೆಲ್ಲ ತವರಿಗೆ ಹೋಗಿವೆ ಎಂದಳು, ಒಬ್ಬಳು ತಾನು ಬಂಜೆ ಎಂದೇ ಹೇಳಿದಳು, ಬಾಗಿಲ ಹಿಂದೆ ನಾಲ್ಕು ಮಕ್ಕಳನ್ನಿಟ್ಟುಕೊಂಡು.

ಗಾಡಿಗಳು ಸಂಜೆಗೆ ತಿರುಗಿ ಬಂದವು. ಅಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿರುವಾಗ ಮೇಷ್ಟ್ರು ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತರು.

"ಅವ್ವಾರ, ಏನು ಮಾಡಿದ್ರಿ ಇದು? ಮಕ್ಕಳಿಲ್ಲ ಅಂದ್ರಂತ?"

"ಹೌದು ಮತ್ತ. ಎಣಿಸಿ ಕೊಡಬೇಕಿತ್ತೇನು?"

"ಕೊಡಬೇಕಿತ್ರಿ. ಕ್ಲಾಸು ಉಳಸಾಕ ಕೇಳಿದ್ದು ಅದು. ಈಗ ಎಲ್ಲಾ ಹೆಸರೂ ಸ್ಟ್ರಕ್ ಆಫ್."

"ಹಂಗಂದ್ರ?"

"ಗೀಟು ಎಳದಾರ. ನಿಮ್ಮ ಮೊಮ್ಮಗಳು ಇನ್ನ ಸಾಲ್ಯಾಗ ಇಲ್ಲ."

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ನಿನಗ ಗೊತ್ತಿತ್ತೇನೋ?"

ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ. "ಕಟ್ಟಿ ಮ್ಯಾಲೆ ಹೇಳಿದ್ರು."

"ಕಟ್ಟಿಗೆ ಹೇಳಿದ್ರಾ? ಮಕ್ಕಳನ್ನ ಕಟ್ಟಿ ಹಡದೈತೇನೋ?"

ಅಪ್ಪ ಎತ್ತುಗಳನ್ನು ಹಿಡಿದು ಕೊಟ್ಟಿಗೆಗೆ ನಡೆದ. ಮೇಷ್ಟ್ರ ಮೇಲೂ ನನಗೆ ಸಿಟ್ಟಿದೆ, ಅಷ್ಟು ಒಳ್ಳೆಯ ಮನುಷ್ಯನ ಮೇಲೆ. ಅಷ್ಟು ಅರ್ಜಿ ಬರೆದವರಿಗೆ ಎರಡು ಓಣಿ ನಡೆದು ಅಡಿಗೆಮನೆಗಳಿಗೆ ಒಂದು ಮಾತು ಹೇಳಲು ಆಗಲಿಲ್ಲ.

ಮರುದಿನ ಅಜ್ಜಿ ಮಾಡಿದ್ದನ್ನು ನಮ್ಮೂರಲ್ಲಿ ಮೊದಲು ಯಾವ ಹೆಂಗಸೂ ಮಾಡಿರಲಿಲ್ಲ. ಓಣಿಯ ಹೆಂಗಸರನ್ನೂ ಮಕ್ಕಳನ್ನೂ ಎಬ್ಬಿಸಿಕೊಂಡು ಶಾಲೆಗೆ ನಡೆದಳು. ಹೆಡ್‌ಮಾಸ್ತರರ ಮೇಜಿನ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತಲೆ ಮುಟ್ಟಿ ಗಟ್ಟಿಯಾಗಿ ಎಣಿಸಿದಳು. ಒಂದು. ಎರಡು. ಮೂರು. ಹಿಂದೆ ನಿಂತ ತಾಯಂದಿರು ಕಿವಿ ಮುಚ್ಚಿಕೊಂಡರು. ಒಬ್ಬಳು ಅಳತೊಡಗಿದಳು. ನನ್ನ ತಲೆ ಮುಟ್ಟುವಾಗಲೂ ಅಜ್ಜಿ ದನಿ ತಗ್ಗಿಸಲಿಲ್ಲ. ಇಪ್ಪತ್ತಾರು ಆದವು.

"ಬರ್ಕೋ ಈಗ" ಎಂದಳು.

"ಅವ್ವಾ, ಸ್ಟ್ರಕ್ ಆಫ್ ಐಪೋಯಿಂದಿ. ಕಾಗಿತಂ ವೆಳ್ಳಿಪೋಯಿಂದಿ." ಆಗಿಹೋಯಿತು, ಕಾಗದ ಮೇಲಿನವರಿಗೆ ಹೋಗಿಬಿಟ್ಟಿತು ಎಂದರು ಹೆಡ್‌ಮಾಸ್ತರರು. ಒರಟಾಗಿ ಹೇಳಲಿಲ್ಲ. ರಿಜಿಸ್ಟರನ್ನೇ ತೆರೆದು ತೋರಿಸಿದರು.

"ಗೀಟು ಎಳದ ಕೈಗೆ ಇನ್ನೊಮ್ಮೆ ಬರಿಯಾಕ ಬರಂಗಿಲ್ಲೇನು?"

ಅವರು ಪುಸ್ತಕ ಮುಚ್ಚಿದರು. ಮುಚ್ಚುವ ಮೊದಲು ನಾನು ನೋಡಿದ್ದೆ. ಕೆಂಪು ಗೆರೆಯ ಕೆಳಗೆ ನನ್ನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು, ಓದಲು ಬರುತ್ತಿತ್ತು.

ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಇಪ್ಪತ್ತಾರರಲ್ಲಿ ಒಂಬತ್ತು ಮಕ್ಕಳು ತಟ್ಟಿ ದಾಟಿ ಆ ಕಡೆ ಕೂತವು, ಅವೂ ಎರಡೆರಡು ಕ್ಲಾಸು ಕೆಳಗೆ. ಮಿಕ್ಕವು ಹೊಲ ಸೇರಿದವು. ನನ್ನನ್ನು ಮೂರನೇ ಕ್ಲಾಸಿಗೆ ಹಾಕಿದರು. ಮೊಣಕಾಲು ಗದ್ದಕ್ಕೆ ತಾಗುವಂತೆ ಪುಟ್ಟ ಮಕ್ಕಳ ನಡುವೆ ಕೂತೆ. ಮತ್ತೆ ಐದಕ್ಕೆ ಬರುವಷ್ಟರಲ್ಲಿ ನಾನು ದೊಡ್ಡವಳಾದೆ, ಅಲ್ಲಿಗೆ ಶಾಲೆ ಮುಗಿಯಿತು. ಆದವಾನಿಗೆ ಹೋದದ್ದು ಮದುವೆಯಾಗಿ. ಕನ್ನಡ ನನಗೆ ಉಳಿದದ್ದು ಅಜ್ಜಿಯ ಬಾಯಿಂದ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆಕೆ ಹೇಳುತ್ತಿದ್ದಳು, ನಾನು ಇದ್ದಲಿನಿಂದ ಗೋಡೆಯ ಮೇಲೆ ಬರೆಯುತ್ತಿದ್ದೆ. ಮೊದಲು ಬರೆಸಿದ್ದು ಆ ಇಪ್ಪತ್ತಾರು ಹೆಸರು. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಅಷ್ಟು ಗೋಡೆಯನ್ನು ಬಿಟ್ಟು ಹೊಡೆಸುತ್ತಿದ್ದಳು. ಒಳ್ಳೆಯದೇ. ಆದರೆ ಆ ಗೋಡೆ ಓದಿ ಯಾರೂ ಐದನೇ ಕ್ಲಾಸು ಪಾಸಾಗಲಿಲ್ಲ.

ಎಷ್ಟೋ ವರ್ಷದ ಮೇಲೆ, ಮಕ್ಕಳ ಜೊತೆ ಕೂತು ಇಂಗ್ಲಿಷ್ ಕಲಿಯುವಾಗ, ಒಂದು ದಪ್ಪ ನಿಘಂಟಿನಲ್ಲಿ ಆ ಮಾತನ್ನು ಹುಡುಕಿದೆ. ಹಿಂದೆ ಅದು ಕತ್ತಿಯ ಮಾತಂತೆ, ಒಂದೇಟಿಗೆ ತಲೆ ಹಾರಿಸುವುದಕ್ಕೆ ಹೇಳುತ್ತಿದ್ದರಂತೆ. ಅಚ್ಚಿನ ಮನೆಯಲ್ಲಿ ಕಾಗದದ ಮೇಲೆ ಪ್ರತಿ ಇಳಿಸುವುದಕ್ಕೂ ಅದೇ. ಸೇರಿನ ಮೇಲೆ ಗೋಪುರವಾಗಿ ನಿಂತ ಕಾಳನ್ನು ಕೋಲಿನಿಂದ ಎಳೆದು ಬಾಯಿಮಟ್ಟಕ್ಕೆ ಸಮ ಮಾಡುವುದಕ್ಕೂ ಅಂಥದೇ ಮಾತು. ಹೆಸರಿಗೆ ಗೆರೆ ಎಳೆಯುವುದು ಆಮೇಲೆ ಬಂದದ್ದು. ಓದುತ್ತ ಓದುತ್ತ ಪುಸ್ತಕವನ್ನು ಎತ್ತಿ ಎಸೆಯಬೇಕೆನ್ನಿಸಿತು. ನಮ್ಮಜ್ಜಿ ಜನ್ಮದಲ್ಲಿ ಒಂದು ಸೇರನ್ನೂ ಸಮ ಮಾಡಿ ಅಳೆದವಳಲ್ಲ. ಭಿಕ್ಷೆಗೆ ಬಂದ ಜಂಗಮನಿಗೂ, ಕೂಲಿಯವರಿಗೂ ಕಾಳು ಸುತ್ತಲೂ ಉದುರುವಂತೆ ರಾಶಿ ಹಾಕಿಯೇ ಅಳೆಯುತ್ತಿದ್ದಳು. ಅಂಥವಳ ಬಾಯಿಂದಲೇ "ಇಲ್ಲ" ಅನ್ನಿಸಿ, ಅದನ್ನೇ ಬರೆದುಕೊಂಡು ಹೋದರು.

ಅದಕ್ಕಿಂತ ಹೆಚ್ಚಿನ ಸಿಟ್ಟು ಇನ್ನೊಂದಿದೆ. ಅಪ್ಪ ಇದನ್ನು ನಗೆಯ ಕತೆ ಮಾಡಿಬಿಟ್ಟ. ಬೀಗರು ಬಂದರೆ, ಕಟ್ಟೆಯಲ್ಲಿ ನಾಲ್ಕು ಜನ ಕೂಡಿದರೆ, "ನಮ್ಮವ್ವ ಸಾಹೇಬಗ ಬೆಕ್ಕಿನ ಮರಿ ಬರ್ಕೋ ಅಂದ್ಲು" ಎಂದು ಶುರುಮಾಡುವನು. ಗಂಡಸರು ತೊಡೆ ತಟ್ಟಿಕೊಂಡು ನಗುವರು. ಅಜ್ಜಿ ಎದ್ದು ಒಳಗೆ ಹೋಗುವಳು. ನಾನೂ, ಕತೆ ಹೇಳುವ ಚಪಲದವಳು, ಗಂಡನ ಮನೆಯಲ್ಲಿ ಒಂದೆರಡು ಸಲ ಹಾಗೇ ಹೇಳಿ ನಗಿಸಿದ್ದೇನೆ. ಅದಕ್ಕೆ ಕ್ಷಮೆಯಿಲ್ಲ.

ಒಮ್ಮೆ ತವರಿಗೆ ಹೋದಾಗ ಪಡಸಾಲೆ ತುಂಬ ಜನ. ಅಪ್ಪ ಬೆಕ್ಕಿನ ಮರಿಯವರೆಗೆ ಬಂದಿದ್ದ. ನಗು ಎದ್ದಿತ್ತು. ನಾನು ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಕುಕ್ಕಿದೆ.

"ಅಪ್ಪಾ, ಮೊದಲಿಂದ ಹೇಳು. ಹಿಂದಿನ ದಿನ ಕಟ್ಟಿ ಮ್ಯಾಲೆ ಮೇಷ್ಟ್ರು ಏನು ಹೇಳಿದ್ರು, ನೀವೆಲ್ಲಾ ಏನಂದ್ರಿ, ಅದನ್ನ ಯಾಕ ಹೇಳಂಗಿಲ್ಲ ನೀನು?"

ನಗು ನಿಂತಿತು. ಅಪ್ಪನ ಕೈ ರುಮಾಲಿಗೆ ಹೋಯಿತು. ಒಳಗೆ ಹೋಗಿದ್ದ ಅಜ್ಜಿ ತಿರುಗಿ ಬಂದು, ಗಂಡಸರ ನಡುವೆ ಜಾಗ ಮಾಡಿಸಿಕೊಂಡು, ಅಪ್ಪನ ಎದುರಿಗೇ ಕೂತಳು.

"ಹೇಳಪ್ಪಾ" ಎಂದಳು. "ನಾನೂ ಕೇಳತೀನಿ."